ಮೆಳ್ಳೆಗಣ್ಣಿನ ಅಳತೆ ಎರಡು ಸಲ ಬೇರೆ ಬೇರೆ ಬಂದರೆ?

ಮಗುವಿನ ಮೆಳ್ಳೆಗಣ್ಣು ಮೊದಲು 30, ಆಮೇಲೆ 35 ಪ್ರಿಸಂ ಡಯಾಪ್ಟರ್ (ಕಣ್ಣು ಎಷ್ಟು ವಾಲಿದೆ ಅನ್ನುವುದರ ಅಳತೆಯ ಮಾನ) ಅಂತ ಬಂದರೆ ಗಾಬರಿಯಾಗಬೇಡಿ. ಒಂದೊಂದು ಕಣ್ಣನ್ನು ಸರದಿಯಲ್ಲಿ ಮುಚ್ಚಿ, ಪ್ರಿಸಂ (ಬೆಳಕನ್ನು ಬಾಗಿಸುವ ಗಾಜು) ಹಿಡಿದು ಅಳೆಯುವ ಕವರ್ ಟೆಸ್ಟೇ ಇರುವುದರಲ್ಲಿ ಹೆಚ್ಚು ನಂಬಿಕಸ್ತ. ಆದರೂ ಇಬ್ಬರು ಅನುಭವಿಗಳು ಅಳೆದಾಗ ಅಷ್ಟು ವ್ಯತ್ಯಾಸ ಸಹಜ. ಒಳಕ್ಕೆ ತಿರುಗಿದ ಕಣ್ಣಿನ ಅಳತೆ 20ಕ್ಕಿಂತ ಜಾಸ್ತಿ ಇದ್ದರೆ, ಸುಮಾರು 12ರಷ್ಟು ಬದಲಾದಾಗ ಮಾತ್ರ ಅದನ್ನು ನಿಜವಾದ ಬದಲಾವಣೆ ಅನ್ನಬಹುದು. ಮಗು ಹತ್ತಿರದ ಗೊಂಬೆ ನೋಡಿತಾ, ದೂರದ ಚಿತ್ರ ನೋಡಿತಾ, ಕನ್ನಡಕ ಹಾಕಿತ್ತಾ ಅನ್ನುವುದರಿಂದಲೂ ಅಂಕಿ ಏರುಪೇರಾಗುತ್ತದೆ.

ಟಾರ್ಚ್ ಬೆಳಕು ಬಿಟ್ಟು ಕಣ್ಣಿನ ಮೇಲಿನ ಹೊಳಪು ನೋಡುವ ಹಿರ್ಷ್‌ಬರ್ಗ್ ಪರೀಕ್ಷೆ ಬರೀ ಅಂದಾಜು. ಹೊಳಪು 1 ಮಿ.ಮೀ. ಸರಿದರೆ ಸುಮಾರು 20 ಪ್ರಿಸಂ ಡಯಾಪ್ಟರ್! ಪುಟ್ಟ ಕೂಸುಗಳಿಗೆ ಅದು ಉಪಯೋಗವೇ. ಆದರೆ ಅದೊಂದರಿಂದಲೇ ಆಪರೇಷನ್ ಅಂದರೆ, ಇನ್ನೊಂದು ದಿನ ಮತ್ತೆ ಅಳೆಯಲು ಖಂಡಿತ ಕೇಳಿ.