ಮೆಂತ್ಯದ ಕಾಳಿನಷ್ಟು ಕಿವಿ

ಪ್ರಶ್ನೆ: ನನ್ನ ಹತ್ತು ವರ್ಷದ ಮಗಳಿಗೆ ಲೆಗೋ ಪುಟಾಣಿ ಗೊಂಬೆಗಳ ಹುಚ್ಚು. ಬಿಲ್ಲು ಹಿಡಿದು ಕಾಡು ಸುತ್ತುವ, ಚೂಪು ಕಿವಿಯ ಎಲ್ಫ್‌ಗಳ ಒಂದು ದಂಡೇ ಬೇಕಂತೆ. ದಪ್ಪ ಕಾಗದದ ಕಿವಿ ಕತ್ತರಿಸಿ ತಲೆಗೆ ಅಂಟಿಸಿದೆವು. ಎರಡೇ ದಿನಕ್ಕೆ ಉದುರಿದವು, ಕೂದಲೂ ಸರಿಯಾಗಿ ಕೂರಲಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ತಲೆಗೆ ಅಂಟಿಸಲು ಹೋದದ್ದೇ ತಪ್ಪಾಯಿತು, ತಾಯಿ. 1978ರಲ್ಲಿ ಹುಟ್ಟಿದಾಗಿನಿಂದ ಈ ಗೊಂಬೆಯ ತಲೆ ನುಣುಪಾದ ಉರುಳೆ. ಕೂದಲು ಮೇಲಿಂದ ಟೊಪ್ಪಿಗೆಯಂತೆ ಕೂರುವ ಬಿಡಿ ಭಾಗ. 2011ರಲ್ಲಿ, ಬಿಡಿಬಿಡಿಯಾಗಿ ಮಾರುವ ಗೊಂಬೆಗಳ ಮೂರನೆಯ ಸರಣಿಯಲ್ಲಿ ಎಲ್ಫ್ ಬಂದಾಗ ಕಂಪನಿಯವರೂ ಕಿವಿಯನ್ನು ಕೂದಲಿಗೇ ಸೇರಿಸಿದ್ದರು.

ನಾನು ಮೂವತ್ತೆಂಟು ವರ್ಷ ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಟ್ಟವನು. ಹಲ್ಲಿಗೂ ಈ ಕಿವಿಗೂ ಕಷ್ಟ ಒಂದೇ, ಬೇರಿಲ್ಲದೆ ನಿಲ್ಲದು. ಕೂದಲು ತಲೆಯ ಮೇಲಿರುವಾಗಲೇ ಎರಡೂ ಪಕ್ಕ ಕಣ್ಣಿನ ನೇರಕ್ಕೆ ಗುರುತು ಹಾಕಿ. ಆಮೇಲೆ ಕೂದಲನ್ನು ತೆಗೆದು, ಅರ್ಧ ಮಿಲಿಮೀಟರಿನ ಡ್ರಿಲ್ ಬಿಟ್ಟನ್ನು ಕೈಯಿಂದಲೇ ತಿರುಗಿಸಿ ತೂತು ಮಾಡಿ. ಯಂತ್ರ ಬೇಡ, ಅದರ ಬಿಸಿಗೆ ಪ್ಲಾಸ್ಟಿಕ್ ಕರಗಿ ತೂತು ಹಿಗ್ಗುತ್ತದೆ. ಹಳೆಯ ವೈರಿನಿಂದ ಬಿಚ್ಚಿದ ತಾಮ್ರದ ಎಳೆಯನ್ನು ತೂರಿಸಿ, ಹೊರಗೆ ಮೂರು ಮಿಲಿಮೀಟರ್ ಬಿಡಿ. ಒಳಗೆ ಮೊಳೆಯಂತೆ ಚಾಚಿಕೊಂಡರೆ ಕೂದಲು ತಲೆಗೆ ಇಳಿಯುವುದಿಲ್ಲ. ತೂತಿನ ಸುತ್ತ ನಯವಾದ ಉಪ್ಪುಕಾಗದದಿಂದ ಉಜ್ಜಿ.

ಕಿವಿಗೆ ಎಂ-ಸೀಲ್ ಸಾಕು. ಎರಡು ಭಾಗಗಳನ್ನೂ ಸಮನಾಗಿ ತೆಗೆದು, ಬಣ್ಣ ಒಂದಾಗುವವರೆಗೆ ನಾದಿ, ಮೆಂತ್ಯದ ಕಾಳಿನಷ್ಟು ಎರಡು ಉಂಡೆ ಮಾಡಿ, ತಾಮ್ರದ ಎಳೆಗಳ ಮೇಲೆ ಕೂರಿಸಿ. ನಾದುವುದು ನಿಮ್ಮ ಕೆಲಸ, ಕೈಗವಸು ಹಾಕಿಕೊಂಡು. ಗೊಂಬೆಯೇ ನಾಲ್ಕು ಸೆಂಟಿಮೀಟರ್. ಕಿವಿ ನಾಲ್ಕು ಮಿಲಿಮೀಟರ್ ದಾಟಿದರೆ ಎಲ್ಫ್ ಹೋಗಿ ಮೊಲ ಬರುತ್ತದೆ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ, ಜೋಡಿ ಎಂದೂ ಹೊಂದುವುದಿಲ್ಲ. ಒದ್ದೆ ಸೂಜಿಯಿಂದ ಎರಡನ್ನೂ ಸ್ವಲ್ಪಸ್ವಲ್ಪವೇ ಎಳೆಯುತ್ತಾ, ನಡುನಡುವೆ ಕನ್ನಡಿಯಲ್ಲಿ ನೋಡಿ. ಕಣ್ಣಿಗೆ ಒಗ್ಗಿಹೋದ ಸೊಟ್ಟತನ ಕನ್ನಡಿಯಲ್ಲಿ ಥಟ್ಟನೆ ಕಾಣುತ್ತದೆ. ಹಲ್ಲಿನ ಸಾಲನ್ನೂ ನಾನು ಹಾಗೆಯೇ ನೋಡುತ್ತಿದ್ದೆ. ರಾತ್ರಿಯೆಲ್ಲ ಮುಟ್ಟದೆ ಬಿಡಿ.

ತಕ್ಷಣ ಹಿಡಿಯುವ ಗೋಂದು ಬೇಡ, ಅದರ ಆವಿಗೆ ಸುತ್ತಲೂ ಬಿಳಿ ಮಬ್ಬು ಕೂರುತ್ತದೆ. ಉಗುರುಬಣ್ಣ ತೆಗೆಯುವ ದ್ರವವಂತೂ ಹತ್ತಿರವೂ ಬೇಡ. ಮೊಮ್ಮಗನ ಕಂದು ಜಡೆಯೊಂದನ್ನು ಅದರಿಂದ ಒರೆಸಿ, ಅದರಲ್ಲಿರುವ ಅಸಿಟೋನಿಗೆ ಈ ಕೂದಲಿನ ಎಬಿಎಸ್ ಪ್ಲಾಸ್ಟಿಕ್ ಕರಗುತ್ತದೆಂದು ಆ ಮಧ್ಯಾಹ್ನ ಕಲಿತೆ. ಅವನು ಮೂರು ದಿನ ನನ್ನೊಡನೆ ಮಾತಾಡಲಿಲ್ಲ.

ಪ್ರಶ್ನೆ: ಕೂದಲಿಗೆ ಕಿವಿ ಮಾಡಿದೆ, ನಿಂತಿದೆ. ಆದರೆ ಬಳಿದ ಹಳದಿ ಬಣ್ಣ ಏಳುತ್ತದೆ, ಮುಖಕ್ಕೂ ಹೊಂದುತ್ತಿಲ್ಲ.
– ಒಬ್ಬ ವಿದ್ಯಾರ್ಥಿ, ಹಾಸನ

ಉತ್ತರ: ಕಿವಿ ಹಿಡಿದು ಕೂದಲು ಕೀಳುತ್ತಿದ್ದೀಯ, ಅಲ್ಲವೇ? ಹಿಂಭಾಗ ಹಿಡಿದು ಎತ್ತು. ಹಳೆಯ ಬಣ್ಣ ಉಜ್ಜಿ, ಸೋಪುನೀರಿನಲ್ಲಿ ತೊಳೆದು ಒಣಗಿಸು. ಆಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಮೂರು ಸಲ ಹಚ್ಚು, ಕೊನೆಗೆ ಹೊಳಪಿಲ್ಲದ ವಾರ್ನಿಶ್. ಮುಖ ಹಳದಿಯೇ ಎಂದು ಮೊದಲು ನೋಡು. 2003ರಿಂದ ಚರ್ಮದ ಬಣ್ಣದ ಮುಖಗಳೂ ಬಂದಿವೆ. ಹಳದಿಯೇ ಆದರೆ ಡಬ್ಬಿಯ ಹಳದಿಗೆ ಸೂಜಿಮೊನೆಯಷ್ಟು ಕಿತ್ತಳೆ ಬೆರೆಸಿ, ಕಾಗದದ ಮೇಲೆ ಒಣಗಿಸಿ, ಮುಖದ ಪಕ್ಕ ಹಿಡಿದು ನೋಡು. ಹಸಿ ಬಣ್ಣವನ್ನು ನಂಬಬೇಡ. ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಗೊಂಬೆಗಳ ಡಬ್ಬಿ ಅಟ್ಟದ ಮೇಲಿರಲಿ.