ಅಮ್ಮನ ಜೊತೆ ಸಮರ್ಕಂದಕ್ಕೆ: ಭಾಷೆ ಬರದಿದ್ದರೆ?

ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ, ಉಜ್ಬೇಕಿಸ್ತಾನದಲ್ಲಿ ಜನರ ಜೊತೆ ಬೆರೆಯೋಕೆ ಆಗುತ್ತಾ, ಇಲ್ಲ ಸುಮ್ನೆ ಗುಮ್ಮಟ ನೋಡಿಕೊಂಡು ಬರಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ನಿಮಗಿಂತ ಬೇಗ ಅಮ್ಮನೇ ಬೆರೆಯುತ್ತಾರೆ.

ಅಲ್ಲಿ ವಯಸ್ಸಾದವರಿಗೆ ಮರ್ಯಾದೆ ಜಾಸ್ತಿ. ಎದೆಯ ಮೇಲೆ ಬಲಗೈ ಇಟ್ಟು ತಲೆ ಸ್ವಲ್ಪ ಬಾಗಿಸುವುದು ಅವರ ನಮಸ್ಕಾರ. ಅಮ್ಮ ಕೈ ಮುಗಿದರೂ ಸಾಕು. ಭಾರತದವರು ಅಂತ ಗೊತ್ತಾದರೆ ಹಿರಿಯರು ರಾಜ್ ಕಪೂರ್ ಹೆಸರು ಎತ್ತಬಹುದು. 1950ರ ದಶಕದಲ್ಲಿ ಅವರ ಸಿನಿಮಾ ಸೋವಿಯತ್ ದೇಶದ ತುಂಬಾ ಓಡಿದ್ದವು. ರಾಜಧಾನಿ ತಾಷ್ಕೆಂಟ್‌ನಲ್ಲಿ ನಮ್ಮ ಪ್ರಧಾನಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರ ಹೆಸರಿನ ರಸ್ತೆಯೇ ಇದೆ. 1966ರಲ್ಲಿ ಅವರು ತೀರಿಕೊಂಡಿದ್ದು ಅಲ್ಲೇ ಅಲ್ವಾ.

ಸಮರ್ಕಂದದಲ್ಲಿ ಹಳೆಯ ಗುಮ್ಮಟಗಳಿರುವ ರೆಗಿಸ್ತಾನ್ ಚೌಕಕ್ಕಿಂತ ಸಿಯೋಬ್ ಬಜಾರಿನಲ್ಲಿ ಹೆಚ್ಚು ಹೊತ್ತು ಕಳೆಯಿರಿ. ರೊಟ್ಟಿ ಮಾರುವ ಹೆಂಗಸರ ಹತ್ತಿರ ಅಮ್ಮನನ್ನೇ ಚೌಕಾಸಿಗೆ ಬಿಡಿ. ಬೆರಳು ಎಣಿಸಿದರೆ ವ್ಯಾಪಾರ ನಡೆಯುತ್ತದೆ. ರೊಟ್ಟಿಯನ್ನು ಕವುಚಿ ಇಡಬಾರದು, ಅನ್ನಕ್ಕೆ ಅವಮಾನ ಮಾಡಿದ ಹಾಗೆ. ಇದನ್ನು ನಮ್ಮ ಅಮ್ಮಂದಿರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚಹಾವನ್ನು ಬಟ್ಟಲಿನ ಅರ್ಧಕ್ಕಷ್ಟೇ ಹಾಕಿಕೊಟ್ಟರೆ ಜಿಪುಣತನ ಅಂದುಕೊಳ್ಳಬೇಡಿ, ಅದು ಗೌರವ. ಮತ್ತೆ ಮತ್ತೆ ಹಾಕುತ್ತಾ ನಿಮ್ಮನ್ನು ಕೂರಿಸಿಕೊಳ್ಳುವ ಆಸೆ ಅಷ್ಟೇ.

ಮನೆಯವರ, ಮೊಮ್ಮಕ್ಕಳ ಫೋಟೋ ನಾಲ್ಕಾರು ಪ್ರಿಂಟ್ ಹಾಕಿಸಿಕೊಂಡು ಹೋಗಿ. ಫೋನ್ ಅನುವಾದಕ್ಕಿಂತ ಅದೇ ಕೆಲಸಕ್ಕೆ ಬರುತ್ತದೆ.

ಅಮ್ಮ ಸಸ್ಯಾಹಾರಿಯಾದರೆ ಪಲಾವ್ ಬೇಡ, ಅದರಲ್ಲಿ ಮಾಂಸ ಇದ್ದೇ ಇರುತ್ತದೆ. ಕುಂಬಳಕಾಯಿ ಹೂರಣದ ಸಮೋಸ ಕೇಳಿ. ಅದಕ್ಕೂ ಕೆಲವರು ಕುರಿಕೊಬ್ಬು ಹಾಕುತ್ತಾರೆ, ವಿಚಾರಿಸಿಯೇ ತಿನ್ನಿ.