ಹೊರದೇಶದಲ್ಲಿ ಕ್ರಿಕೆಟ್ ನೋಡಲು ಡಿಶ್ ಹಾಕಿಸಬೇಕಾ, ಆ್ಯಪ್ ಸಾಕಾ?

ಕೆಲಸದ ಮೇಲೆ ಹೊರದೇಶಕ್ಕೆ ಹೋಗುತ್ತಿದ್ದೀರಿ, ಇಂಡಿಯಾ ಮ್ಯಾಚ್ ಒಂದೂ ತಪ್ಪಬಾರದು. ಈಗಿರುವ ಡಿಶ್ಶನ್ನೇ ಬಿಚ್ಚಿಕೊಂಡು ಹೋದರೆ ಆಗುತ್ತಾ, ಅಲ್ಲೇ ಹೊಸದು ಹಾಕಿಸಬೇಕಾ, ಆ್ಯಪ್ ಇರುವ ಕಾಲದಲ್ಲಿ ಡಿಶ್ ಯಾಕೆ ಅಂತ ಕೇಳಿದ್ದೀರಿ. ನಾನು ಹೊರಗೆ ಬಂದು ಬಹಳ ವರ್ಷವಾಯಿತು, ಎರಡನ್ನೂ ಬಳಸಿದ್ದೇನೆ. ಮನೆಯಲ್ಲಿ ಕೂತು ಬಾಲ್ ಬಾಲ್ ನೋಡುವವರಾದರೆ ಡಿಶ್ ಹಾಕಿಸಿ. ಓಡಾಡಿಕೊಂಡು ಸ್ಕೋರ್ ಜೊತೆ ಒಂದಿಷ್ಟು ಆಟ ನೋಡಿದರೆ ಸಾಕು ಅನ್ನುವವರಾದರೆ ಆ್ಯಪ್ ಸಾಕು.

ಈಗಿರುವ ಡಿಶ್ ಮಾತ್ರ ಭಾರತದಲ್ಲೇ ಬಿಟ್ಟು ಹೋಗಿ. ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಇರುತ್ತವೆ. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನ್ಯೂಯಾರ್ಕಿನಲ್ಲಿ ನಿಂತರೆ ಅದು ಭೂಮಿಯ ಆಚೆ ಬದಿಗೆ ಹೋಯಿತು, ಡಿಶ್ ಯಾವ ಕಡೆ ತಿರುಗಿಸಿದರೂ ಸಿಗುವುದಿಲ್ಲ. ಉಪಗ್ರಹ ಕಾಣುವಷ್ಟು ಹತ್ತಿರದ ದೇಶದಲ್ಲೂ ಕಷ್ಟವೇ. ಸಿಗ್ನಲ್ ಭಾರತದ ಮೇಲೆ ಬೀಳುವಂತೆ ಗುರಿ ಇಟ್ಟಿರುತ್ತಾರೆ, ದೂರ ಹೋದಷ್ಟೂ ಅದು ಸೊರಗುತ್ತದೆ.

ಹೊಸ ಡಿಶ್ ಹಾಕಿಸುವ ಮುಂಚೆ ಪ್ರಸಾರದ ಹಕ್ಕು ಯಾರ ಬಳಿ ಇದೆ ಅಂತ ನೋಡಿ. ಅದೇ ಮ್ಯಾಚು, ಅದೇ ಕ್ಯಾಮೆರಾ, ಆದರೆ ಹಕ್ಕನ್ನು ದೇಶ ದೇಶಕ್ಕೆ ಬೇರೆ ಬೇರೆ ಮಾರುತ್ತಾರೆ. ಇಂಗ್ಲೆಂಡಿನಲ್ಲಿ 2005ರ ಆ್ಯಶಸ್ (ಆಸ್ಟ್ರೇಲಿಯಾ ಜೊತೆಗಿನ ಟೆಸ್ಟ್ ಸರಣಿ) ಚಾನೆಲ್ 4ರಲ್ಲಿ ಎಲ್ಲರಿಗೂ ಪುಕ್ಕಟೆ ಬಂತು. 2006ರಿಂದ ತವರಿನ ಟೆಸ್ಟ್‌ಗಳು ಸ್ಕೈ ಪಾಲಾದವು, ದುಡ್ಡು ಕೊಟ್ಟವರಿಗೆ ಮಾತ್ರ. ಆದರೆ 2021ರಲ್ಲಿ ಇಂಗ್ಲೆಂಡ್ ಭಾರತಕ್ಕೆ ಬಂದಾಗ ಆ ಟೆಸ್ಟ್ ಸರಣಿ ಮತ್ತೆ ಚಾನೆಲ್ 4ಕ್ಕೆ ಹೋಯಿತು! ಸ್ಕೈ ಇದ್ದವರೂ ಅದಕ್ಕೆ ಚಾನೆಲ್ ಬದಲಿಸಬೇಕಾಯಿತು. ಅಮೆರಿಕದಲ್ಲಿ ಕ್ರಿಕೆಟ್ ಅಂದರೆ ವಿಲ್ಲೋ ಚಾನೆಲ್, ಅಷ್ಟೇ ಅನ್ನುವಷ್ಟು ದಿನ ನಡೆದಿದೆ. ಹಾಗಾಗಿ ವರ್ಷಗಟ್ಟಲೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಿಮಗೆ ಬೇಕಾದ ಸರಣಿ ಯಾವ ಚಾನೆಲ್‌ನಲ್ಲಿದೆ, ಆ ಚಾನೆಲ್ ಆ ಡಿಶ್‌ನಲ್ಲಿ ಬರುತ್ತಾ, ಎರಡನ್ನೂ ಕೇಳಿ. ವಿಶ್ವಕಪ್‌ಗಳಿಗಾದರೆ ಐಸಿಸಿಯೇ ಯಾವ ದೇಶದಲ್ಲಿ ಯಾರು ತೋರಿಸುತ್ತಾರೆ ಅಂತ ಪಟ್ಟಿ ಹಾಕುತ್ತದೆ. ಮಾರುವವನ ಬಾಯಿಮಾತು ನಂಬಬೇಡಿ. ಅವನಿಗೆ ಟೆಸ್ಟ್ ಯಾವುದು, ಟಿ20 ಯಾವುದು ಅಂತ ಗೊತ್ತಿರುವುದೇ ಅನುಮಾನ.

ಈಗ ನಾನು ಡಿಶ್ ಪರ ಯಾಕೆ ಅಂದರೆ, ತಡದ ವಿಷಯ. ಸಿಗ್ನಲ್ ಉಪಗ್ರಹಕ್ಕೆ ಹೋಗಿ ಕೆಳಗೆ ಬರಲು ಹಿಡಿಯುವುದು ಕಾಲು ಸೆಕೆಂಡ್. ಅದರ ಮೇಲೆ ಸ್ಟುಡಿಯೋ, ಬಾಕ್ಸ್ ಎಲ್ಲ ಸೇರಿ ಕೆಲವು ಸೆಕೆಂಡ್ ಆಗುತ್ತದೆ. ಆ್ಯಪ್ ಕೆಲಸ ಮಾಡುವ ರೀತಿಯೇ ಬೇರೆ. ವಿಡಿಯೋವನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ ಕಳಿಸುತ್ತಾರೆ, ನಿಮ್ಮ ಫೋನು ಒಂದೆರಡು ತುಂಡು ಕೈಯಲ್ಲಿಟ್ಟುಕೊಂಡೇ ತೋರಿಸಲು ಶುರು ಮಾಡುತ್ತದೆ, ನಡುವೆ ನಿಲ್ಲಬಾರದು ಅಂತ. ಹೀಗೆ ಅರ್ಧ ನಿಮಿಷ ಹಿಂದೆ ಬೀಳುವುದು ಮಾಮೂಲು. ಅರ್ಧ ನಿಮಿಷ ಏನು ಮಹಾ ಅನ್ನಬೇಡಿ. ಕೊನೆಯ ಓವರ್, ಆರು ರನ್ ಬೇಕು, ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದಾನೆ. ಅಷ್ಟರಲ್ಲಿ ಫೋನ್ ಗುಂಯ್ ಅನ್ನುತ್ತದೆ. ಅಣ್ಣನ ಮೆಸೇಜು, ಒಂದೇ ಪದ: 'ಥೂ'. ಮುಗಿಯಿತು. ಆಮೇಲೆ ಆ ಬೌಲರ್ ಓಡಿ ಬರುವುದನ್ನು ಸುಮ್ನೆ ನೋಡಬೇಕು. ಡಿಶ್ ಇದ್ದರೂ ನೀವು ಭಾರತದವರಿಗಿಂತ ಸ್ವಲ್ಪ ಹಿಂದೆ ಇರಬಹುದು, ಆದರೆ ಮೆಸೇಜ್ ಟೈಪ್ ಮಾಡುವಷ್ಟು ಹೊತ್ತಿನಲ್ಲಿ ನಿಮಗೂ ಚೆಂಡು ಕಂಡಿರುತ್ತದೆ.

ಡಿಶ್‌ಗೆ ಅದರದೇ ಕಾಟಗಳಿವೆ. ಮೊದಲನೆಯದು ಮಳೆ. ಸಣ್ಣ ಡಿಶ್‌ಗಳು ಬಳಸುವ ಕೆಯು ಬ್ಯಾಂಡ್ ತರಂಗಗಳನ್ನು ಜೋರು ಮಳೆಯ ಹನಿಗಳು ಹೀರಿ ಚೆದುರಿಸುತ್ತವೆ. ಮೈದಾನದಲ್ಲಿ ಚುರುಚುರು ಬಿಸಿಲು, ನಿಮ್ಮ ಮನೆ ಮೇಲೆ ಮಳೆ, ಆಟ ನಿಲ್ಲುವುದು ನಿಮ್ಮೊಬ್ಬರಿಗೇ! ಹಗಲು-ರಾತ್ರಿ ಸಮ ಆಗುವ ದಿನಗಳ ಆಸುಪಾಸಿನಲ್ಲಿ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ, ಆಗ ಕೆಲವು ದಿನ ಹಗಲಲ್ಲಿ ಕೆಲವು ನಿಮಿಷ ಚಿತ್ರ ಹೋಗುತ್ತದೆ. ಅದಕ್ಕೆ ಬಾಕ್ಸ್ ತಟ್ಟಬೇಡಿ, ತಾನೇ ಸರಿಹೋಗುತ್ತದೆ. ಮರದ ಕಥೆ ಮಾತ್ರ ಗಂಭೀರ. ಚಳಿಗಾಲದಲ್ಲಿ ಬೋಳು ಮರದ ಸಂದಿಯಿಂದ ಸಿಗ್ನಲ್ ಚೆನ್ನಾಗಿಯೇ ಬರುತ್ತದೆ. ವಸಂತ ಬಂದು ಎಲೆ ತುಂಬಿತೋ, ಚಿತ್ರ ಚೌಕ ಚೌಕ ಒಡೆಯುತ್ತದೆ. ಡಿಶ್ ಕೂರಿಸುವವರು ಬಂದಾಗ ಎದುರಿನ ಮರ ಬೇಸಿಗೆಯಲ್ಲಿ ಹೇಗಿರುತ್ತದೆ ಅಂತ ನೀವೇ ಹೇಳಿ. ಉತ್ತರ ಗೋಳದಲ್ಲಿದ್ದರೆ ಡಿಶ್‌ಗೆ ದಕ್ಷಿಣದ ಆಕಾಶ ಕಾಣಬೇಕು, ಆಸ್ಟ್ರೇಲಿಯಾ ಕಡೆ ಹೋದರೆ ಉತ್ತರದ ಆಕಾಶ. ಬಾಡಿಗೆ ಮನೆ ಹುಡುಕುವಾಗ ಬಾಲ್ಕನಿ ಯಾವ ಕಡೆಗಿದೆ ಅಂತ ಮೊದಲು ನೋಡುವವನು ನಾನು, ಮನೆಯವರು ನಗುತ್ತಾರೆ.

ಇನ್ನು ಹೊತ್ತು. ಭಾರತದಲ್ಲಿ ಟೆಸ್ಟ್ ಬೆಳಿಗ್ಗೆ 9:30ಕ್ಕೆ ಶುರುವಾದರೆ ಚಳಿಗಾಲದಲ್ಲಿ ಲಂಡನ್ನಿಗೆ ಬೆಳಗಿನ ಜಾವ 4, ನ್ಯೂಯಾರ್ಕಿಗೆ ಹಿಂದಿನ ರಾತ್ರಿ 11, ಸಿಡ್ನಿಗೆ ಆರಾಮಾಗಿ ಮಧ್ಯಾಹ್ನ 3. ಮೆಲ್ಬರ್ನ್ ಟೆಸ್ಟಿಗೆ ಭಾರತದವರು ಐದು ಗಂಟೆಗೆ ಅಲಾರಂ ಇಟ್ಟು ಏಳುತ್ತಾರಲ್ವಾ, ನ್ಯೂಯಾರ್ಕಿನವರಿಗೆ ಅದು ಸಂಜೆ ಆರೂವರೆ. ಇನ್ನೊಂದು, ಅಮೆರಿಕ, ಯುರೋಪಿನವರು ಮಾರ್ಚ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ, ಭಾರತ ಇಡುವುದಿಲ್ಲ. ಐಪಿಎಲ್ ಶುರುವಾಗುವ ಹೊತ್ತಿಗೇ ಈ ಗೊಂದಲ.

ಎಲ್ಲಾ ರಾತ್ರಿ ಎದ್ದಿರಲು ಆಗುವುದಿಲ್ಲ, ಹಾಗಾಗಿ ರೆಕಾರ್ಡ್ ಮಾಡುವ ಬಾಕ್ಸನ್ನೇ ತೆಗೆದುಕೊಳ್ಳಿ. ಟೈಮ್ ಹಾಕುವಾಗ ಕೊನೆಗೆ ಒಂದೂವರೆ ಗಂಟೆ ಜಾಸ್ತಿ ಸೇರಿಸಿ. ಓವರ್ ನಿಧಾನ, ಮಳೆ ಬಿಡುವು ಅಂತ ಆಟ ಮುಂದೆ ಹೋಗುತ್ತಲೇ ಇರುತ್ತದೆ, ಬಾಕ್ಸಿಗೆ ಅದೆಲ್ಲ ತಿಳಿಯದು, ಹೇಳಿದ ಟೈಮಿಗೆ ನಿಲ್ಲಿಸುತ್ತದೆ. 2019ರ ವಿಶ್ವಕಪ್‌ನ ಲಾರ್ಡ್ಸ್ ಫೈನಲ್ ಟೈ ಆಗಿ ಸೂಪರ್ ಓವರ್‌ಗೆ ಹೋಯಿತಲ್ಲ, ಅಂಥ ಮ್ಯಾಚ್ ರೆಕಾರ್ಡಿಗೆ ಹಾಕಿ ಮಲಗಿದವರ ಪಾಡು ಯೋಚಿಸಿ.